ಗಾಳಿಯಿಲ್ಲದ ದಾರಿಯಲ್ಲಿ ಬೆಳಕು

ನಮಸ್ಕಾರ, ರೇಡಿಯೋ ಕೇಳುಗರೇ. ನಾಲೆಯ ಕೊನೆಭಾಗದಲ್ಲಿ ಜಮೀನಿದ್ದವರಿಗೆ ನಾನು ಹೇಳಬೇಕಾಗಿಲ್ಲ, ನೀರಿನ ಸರದಿ ಬರುವುದು ನಡುರಾತ್ರಿಗೇ. ಕಳೆದ ಡಿಸೆಂಬರಿನಲ್ಲಿ ಮಂಡ್ಯದ ಹತ್ತಿರ ನಮ್ಮೂರಲ್ಲಿ ಕಬ್ಬಿಗೆ ನೀರು ಕಟ್ಟಲು ಹೊರಟಾಗ ಅಕ್ಕನ ಮಗನೂ ಗಂಟುಬಿದ್ದ. ಏಳನೇ ಕ್ಲಾಸಿನ ಹುಡುಗ. ತಲೆಗೆ ಟವೆಲ್ಲು ಸುತ್ತಿ, ಕೈಯಲ್ಲಿ ಬ್ಯಾಟರಿ ಹಿಡಿದು ಬಂದ.

ಬದುವಿನ ಮೇಲೆ ಕೂತು ಬ್ಯಾಟರಿ ಆರಿಸಿದೆವು. ಕಣ್ಣು ಕತ್ತಲಿಗೆ ಪಳಗುವುದಕ್ಕೆ ಒಂದು ಹದಿನೈದು ನಿಮಿಷ ಬೇಕು. ಆಮೇಲೆ ನೋಡಬೇಕು ಆಕಾಶ! ಮೈಸೂರಿನ ಬೀದಿದೀಪಗಳ ಮಬ್ಬಿನಲ್ಲಿ ಬೆರಳೆಣಿಕೆಗೆ ಸಿಗುವ ಚುಕ್ಕಿಗಳು ಅಲ್ಲಿ ಎಣಿಕೆಗೇ ಸಿಗುವುದಿಲ್ಲ.

“ಮಾವ, ಮ್ಯಾಲೆ ಗಾಳಿನೇ ಇಲ್ವಂತೆ. ಮತ್ತೆ ಬೆಳಕು ಯಾವುದ್ರ ಮ್ಯಾಲೆ ನಡ್ಕೊಂಡು ಬತ್ತದೆ?”

ಒಳ್ಳೆ ಪೇಚಿಗೆ ಸಿಕ್ಕಿಸಿದ. ಕಾಲುವೆಗೆ ಕಲ್ಲೆಸೆದರೆ ಅಲೆ ಏಳುವುದು ನೀರಿದೆ ಅಂತ. ನೀರು ನಿಲ್ಲಿಸಿದ ಮೇಲೆ ಬರೀ ಕೆಸರಿಗೆ ಎಸೆದರೆ ಅಲೆಯೆಲ್ಲಿ? ಹತ್ತೊಂಬತ್ತನೇ ಶತಮಾನದ ಘಟಾನುಘಟಿ ವಿಜ್ಞಾನಿಗಳೂ ಈ ಹುಡುಗನ ಹಾಗೇ ಯೋಚಿಸಿದ್ದರು. ಬಾಹ್ಯಾಕಾಶದ ತುಂಬ ಈಥರ್ ಅಂತ ಏನೋ ಒಂದು ಇರಲೇಬೇಕು ಅಂದುಕೊಂಡಿದ್ದರು. ಹಾಗಿದ್ದರೆ ಅದರೊಳಗೆ ಓಡುವ ಭೂಮಿಗೆ ಎದುರುಗಾಳಿಯಂತೆ ಅದು ತಾಗಬೇಕಲ್ಲ? 1887ರಲ್ಲಿ ಅಮೆರಿಕದ ಮೈಕೆಲ್ಸನ್, ಮಾರ್ಲಿ ಇಬ್ಬರೂ ಕನ್ನಡಿಗಳನ್ನು ಜೋಡಿಸಿ, ಬೆಳಕನ್ನು ಉದ್ದಕ್ಕೂ ಅಡ್ಡಕ್ಕೂ ಓಡಿಸಿ ನೋಡಿದರು. ಎರಡು ಓಟಗಳ ವೇಗದಲ್ಲಿ ಅವರು ಹುಡುಕಿದ ವ್ಯತ್ಯಾಸ ಸಿಗಲೇ ಇಲ್ಲ, ಅಂದರೆ ಈಥರಿನ ಸುಳಿವೇ ಇಲ್ಲ.

ಬೆಳಕಿನಲ್ಲಿ ಏರಿಳಿಯುವುದು ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳು. ಇದು ಬದಲಾದರೆ ಅದು ಹುಟ್ಟುತ್ತದೆ, ಅದು ಬದಲಾದರೆ ಇದು. ಹೀಗೆ ಒಂದನ್ನೊಂದು ಹುಟ್ಟಿಸಿಕೊಳ್ಳುತ್ತ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತವೆ. ನೀರೂ ಬೇಡ, ಗಾಳಿಯೂ ಬೇಡ. ಹುಡುಗನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನನಗೂ ಒಂದೊಂದು ದಿನ ಇದು ದಕ್ಕುವುದಿಲ್ಲ ಬಿಡಿ.

ಮಹಾವ್ಯಾಧ ಅನ್ನುವ ನಕ್ಷತ್ರಪುಂಜದ ಭುಜದಲ್ಲಿ ಕೆಂಪಗೆ ಹೊಳೆಯುತ್ತಿದ್ದ ಆರಿದ್ರಾ ನಕ್ಷತ್ರ ತೋರಿಸಿದೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅನ್ನುತ್ತೇವಲ್ಲ, ಅದೇ. ತಮಾಷೆಯೆಂದರೆ ಆರಿದ್ರಾ ಮಳೆ ಬರುವಾಗ ಈ ನಕ್ಷತ್ರ ಕಾಣುವುದಿಲ್ಲ. ಆಗ ಸೂರ್ಯನೇ ಆ ದಿಕ್ಕಿನಲ್ಲಿರುತ್ತಾನೆ. ನೋಡಬೇಕಾದರೆ ಚಳಿಗಾಲವೇ ಆಗಬೇಕು. ಅದರ ದೂರದ ಲೆಕ್ಕ ಐನೂರರಿಂದ ಏಳುನೂರು ಬೆಳಕಿನ ವರ್ಷಗಳ ನಡುವೆ ಇನ್ನೂ ಓಲಾಡುತ್ತಿದೆ. ಬೆಳಕಿನ ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಓಡುವ ದೂರ. ಯಾವುದನ್ನೇ ಹಿಡಿದರೂ, ಹೆಚ್ಚುಕಮ್ಮಿ ವಿಜಯನಗರದ ಅರಸರ ಕಾಲದಲ್ಲಿ ಹೊರಟ ಬೆಳಕು ಆ ರಾತ್ರಿ ನಮ್ಮ ಬದುವಿಗೆ ಬಂದು ಮುಟ್ಟಿತ್ತು.

ಇಷ್ಟು ಹೇಳುವಷ್ಟರಲ್ಲಿ ನೀರು ತುಂಬಿ ಪಕ್ಕದವರ ಗದ್ದೆಗೆ ನುಗ್ಗಿತ್ತು. ಗುದ್ದಲಿ ಹಿಡಿದು ಓಡಿದೆ. ಬೆಳಗ್ಗೆ ಬೈಸಿಕೊಂಡದ್ದೂ ಆಯಿತು.

ಆ ಗಡಿಬಿಡಿಯಲ್ಲಿ ಹುಡುಗನಿಗೆ ಒಂದು ಮಾತು ಹೇಳಲಾಗಲಿಲ್ಲ. ರೇಡಿಯೋ ಅಲೆಯೂ ಬೆಳಕಿನ ಜಾತಿಯದೇ, ಕಣ್ಣಿಗೆ ಕಾಣದು ಅಷ್ಟೆ. ಓಟವೂ ಅದೇ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಶುರುಮಾಡಿದರು. ಆ ಮೈಸೂರು ಬಾನುಲಿಯ ಹೆಸರು ‘ಆಕಾಶವಾಣಿ’. ಹೆಸರಿಗೆ ತಕ್ಕ ಹಾಗೆ, ಈಗ ನನ್ನ ಮಾತು ಹೊತ್ತು ಬರುವ ಎಫ್‌ಎಂ ರೇಡಿಯೋ ಅಲೆಗಳಲ್ಲಿ ಒಂದಷ್ಟು ನಿಮ್ಮ ರೇಡಿಯೋಗೆ ಸಿಗದೆ, ವಾಯುಮಂಡಲವನ್ನೂ ತೂರಿಕೊಂಡು ಆಚೆಗೆ ಹೊರಟುಬಿಡುತ್ತವೆ.

ನಾನು ಮೊದಲಿಗೆ ಹೇಳಿದ ನಮಸ್ಕಾರ ಚಂದ್ರನಷ್ಟು ದೂರ ಹೋಗಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿದಿರಬಹುದು. ನಾಲ್ಕು ನಿಮಿಷವಾಯಿತು ಅಂತ ಗಾಜಿನಾಚೆಯಿಂದ ಈಗ ಸನ್ನೆ ಮಾಡುತ್ತಿದ್ದಾರೆ. ಅಂದರೆ ಅದು ಏಳು ಕೋಟಿ ಕಿಲೋಮೀಟರ್ ದಾಟಿದೆ, ಕ್ಷೀಣವಾಗುತ್ತ, ಇನ್ನೂ ಹೋಗುತ್ತಲೇ ಇದೆ.