ಊಟದ ತಟ್ಟೆಯ ಮುಂದೆ ನರ್ಸ್

ಎಲ್ಲರಿಗೂ ನಮಸ್ಕಾರ. ದಪ್ಪಗಾಗುವ ಭಯದಿಂದಲೋ ಇನ್ನೇನರಿಂದಲೋ ಊಟ ಬಿಟ್ಟು ಅಪಾಯದ ಮಟ್ಟಕ್ಕೆ ಸೊರಗುವ ಮನಸ್ಸಿನ ಕಾಯಿಲೆ ಅನೊರೆಕ್ಸಿಯಾ ನರ್ವೋಸಾ. ಅದರಿಂದ ಆಸ್ಪತ್ರೆ ಸೇರಿದ ಹದಿನೈದರ ಹುಡುಗಿಯ ಒಂದು ದಿನವನ್ನು ನೆನೆದುಕೊಳ್ಳಿ. ಮನೋವೈದ್ಯರೊಂದಿಗೆ ಮಾತುಕತೆ ಸ್ವಲ್ಪ ಹೊತ್ತು. ಮೂರು ಹೊತ್ತಿನ ಊಟ, ನಡುವಿನ ತಿಂಡಿ, ತಿಂದಾದ ಮೇಲಿನ ತಳಮಳ, ನಿದ್ದೆ ಬಾರದ ರಾತ್ರಿ, ಇವಕ್ಕೆಲ್ಲ ಜೊತೆಯಾಗುವವರು ನರ್ಸ್‌ಗಳು. ಆದರೂ ಈ ಕಾಯಿಲೆಯ ಸಂಶೋಧನೆಯಲ್ಲಿ ಅವರ ಕೆಲಸಕ್ಕೆ ಸಿಕ್ಕಿರುವ ಜಾಗ ಚಿಕ್ಕದು. ಅಲ್ಲಿ ದಕ್ಕಿದ್ದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಆಸ್ಟ್ರೇಲಿಯಾದ ಲೂಸಿ ರಾಮ್‌ಜಾನ್ 2004ರಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳುವ ಹತ್ತು ನರ್ಸ್‌ಗಳ ಅನುಭವವನ್ನು ಪ್ರಕಟಿಸಿದರು. ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ಒದ್ದಾಟ, ಹಿಡಿತ ಯಾರದೆಂಬ ಗುದ್ದಾಟ, ನಂಬಿಕೆ ಬೆಳೆಸುವ ಕಷ್ಟ, ಇವೇ ಅವರ ಮಾತಿನಲ್ಲಿ ಮರಳಿ ಮರಳಿ ಬಂದವು. 2012ರ ಇನ್ನೊಂದು ವರದಿಯಲ್ಲಿ ಅದೇ ಬಗೆಯ ವಾರ್ಡ್ ಜೈಲಿನಂತೆ ಅನುಭವಕ್ಕೆ ಬಂದದ್ದು ದಾಖಲಾಗಿದೆ. ನೆದರ್ಲೆಂಡ್ಸ್‌ನಲ್ಲಿ ಫಾನ್ ಓಮನ್ ಮತ್ತು ಸಂಗಡಿಗರು 2009ರಲ್ಲಿ ಹದಿಹರೆಯದ ರೋಗಿಗಳನ್ನೇ ಕೇಳಿದಾಗ ಸಿಕ್ಕ ಉತ್ತರ ಬೇರೆ. ಮೊದಮೊದಲು ಊಟದ ನಿರ್ಧಾರವನ್ನು ನರ್ಸ್ ತಮ್ಮ ಕೈಗೆ ತೆಗೆದುಕೊಂಡದ್ದು ನೆರವಾಯಿತು, ಆಮೇಲೆ ಹಂತಹಂತವಾಗಿ ಹೊಣೆಯನ್ನು ಮರಳಿಸಿದ್ದು ಇನ್ನೂ ನೆರವಾಯಿತು ಎಂದರು ಆ ಮಕ್ಕಳು. ಬಿಗಿಯಾದ ನಿಯಮ ಎರಡೂ ಕಡೆ ಇತ್ತು. ಅದನ್ನು ಯಾರು, ಹೇಗೆ, ಎಲ್ಲಿಯವರೆಗೆ ಹಿಡಿದಿರುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದೇ ನನ್ನ ತಿಳಿವಳಿಕೆ.

ನರ್ಸ್ ಬೇಸರಪಡುವ ಎಷ್ಟೋ ನಡವಳಿಕೆಗಳು ಹುಡುಗಿಯ ಹಟದಿಂದ ಬಂದವಲ್ಲ, ಹಸಿವಿನಿಂದ ಬಂದವು. 1944-45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಕಾಲು ಭಾಗದಷ್ಟು ತೂಕ ಇಳಿಯುವ ಹೊತ್ತಿಗೆ ಅವರಲ್ಲಿ ಹಲವರು ಅಡುಗೆ ಪುಸ್ತಕ ಕೂಡಿಡುತ್ತಿದ್ದರು, ಊಟವನ್ನು ಗಂಟೆಗಟ್ಟಲೆ ಎಳೆಯುತ್ತಿದ್ದರು, ಸಿಡುಕುತ್ತಿದ್ದರು, ಮಂಕಾಗಿದ್ದರು. ಇದು ಗೊತ್ತಿದ್ದ ನರ್ಸ್ "ಇವಳು ನಾಟಕ ಆಡ್ತಾಳೆ" ಎಂದು ಕೇಸ್ ಶೀಟಿನಲ್ಲಿ ಬರೆಯುವುದಿಲ್ಲ.

ಈಗ ತಟ್ಟೆಯ ಹತ್ತಿರ ಬರೋಣ. ಊಟಕ್ಕೆ 30 ನಿಮಿಷ, ತಿಂಡಿಗೆ 15 ನಿಮಿಷ ಎಂಬ ಮಿತಿ ಹಲವು ಘಟಕಗಳಲ್ಲಿದೆ. ಶೌಚಕ್ಕೆ ಹೋಗುವುದು ಊಟಕ್ಕೆ ಮೊದಲೇ ಆಗಲಿ. ನರ್ಸ್ ಪಕ್ಕದಲ್ಲಿ ಕೂರಬೇಕು, ಸಾಧ್ಯವಾದರೆ ತಾವೂ ಉಣ್ಣಬೇಕು. ಚಪಾತಿಯನ್ನು ಚೂರುಚೂರು ಮಾಡಿ ಹರಡುವುದು, ಮೊಸರನ್ನವನ್ನು ತಟ್ಟೆಯ ಅಂಚಿಗೆ ಸವರಿ ಮುಗಿದಂತೆ ತೋರಿಸುವುದು, ತುತ್ತನ್ನು ಕರವಸ್ತ್ರಕ್ಕೆ ದಾಟಿಸುವುದು ಕಣ್ಣಿಗೆ ಬೀಳುತ್ತವೆ. ಎಲ್ಲರೆದುರು ಗದರಬೇಡಿ. "ಕಷ್ಟ ಆಗ್ತಿದೆ ಅಂತ ಗೊತ್ತು ಕಣಮ್ಮ, ಇನ್ನೊಂದು ತುತ್ತು ತಗೋ, ನಾನು ಇಲ್ಲೇ ಇರ್ತೀನಿ" ಎಂದಷ್ಟೇ ಮೆಲ್ಲಗೆ ಹೇಳಿ. ಕ್ಯಾಲರಿ, ತೂಕದ ಮಾತು ಆ ಮೇಜಿನ ಬಳಿ ಬೇಡ. ಉಳಿದದ್ದಕ್ಕೆ ಬದಲಾಗಿ ಅಳತೆ ಮಾಡಿದ ಪೌಷ್ಟಿಕ ಪೇಯ ಕೊಡುವುದಾದರೆ ಅದನ್ನು ಮೊದಲೇ ತಿಳಿಸಿರಬೇಕು. ಶಿಕ್ಷೆಯ ದನಿಯಲ್ಲಿ ಕೊಟ್ಟರೆ ಕೆಲಸ ಕೆಟ್ಟಿತು. ಊಟವಾದ ಮೇಲೆ ಸುಮಾರು ಒಂದು ಗಂಟೆ ಜೊತೆಗಿರಿ, ಚಿತ್ರ ಬಿಡಿಸುವುದೋ ಚೌಕಾಬಾರವೋ ಏನಾದರೂ ಇರಲಿ. ಪಾಪಪ್ರಜ್ಞೆ ಏರುವುದು, ವಾಂತಿ ಮಾಡಬೇಕೆನಿಸುವುದು ಆಗಲೇ.

ಎಡವಟ್ಟಾಗುವುದು ಎರಡು ಕಡೆ. ಬೆಳಗಿನ ಪಾಳಿಯವರು "ಅರ್ಧ ತಿಂದ್ರೆ ಸಾಕು" ಅಂದು, ರಾತ್ರಿ ಪಾಳಿಯವರು ಪೂರ್ತಿ ತಿನ್ನಬೇಕೆಂದರೆ ಮಗು ಪ್ರತಿ ತುತ್ತಿಗೂ ಚೌಕಾಶಿ ಕಲಿಯುತ್ತದೆ, ಬಿಗಿ ಹಿಡಿದ ನರ್ಸ್ ಶತ್ರುವಾಗುತ್ತಾರೆ. ಇನ್ನೊಂದು ನಮ್ಮ ಪ್ರೀತಿಯ ಮಾತು. "ಈಗ ಮೈಕೈ ತುಂಬ್ಕೊಂಡು ಚೆನ್ನಾಗಿ ಕಾಣ್ತೀಯ" ಎಂದರೆ ಅವಳ ಕಿವಿಗೆ ಬೀಳುವುದು ದಪ್ಪಗಾಗಿದ್ದೀಯ ಎಂದೇ. ಮನೆಯವರಿಗೂ ಇದನ್ನು ಹೇಳಿಕೊಡಿ.

ತೂಕವನ್ನು ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಒಂದೇ ಬಗೆಯ ತೆಳು ಬಟ್ಟೆಯಲ್ಲಿ, ಒಂದೇ ಯಂತ್ರದಲ್ಲಿ ನೋಡಿ. ತೂಕ ದಿಢೀರನೆ ಏರಿದ್ದರೆ ಮೂತ್ರದ ಸಾಂದ್ರತೆ ಪರೀಕ್ಷಿಸಿ. ಅದು 1.005ರ ಆಸುಪಾಸಿನಲ್ಲಿದ್ದರೆ ನೀರು ಕುಡಿದು ನಿಂತಿರುವ ಸಾಧ್ಯತೆಯಿದೆ. ಬಿಪಿ, ನಾಡಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಬೇಕು. ಎಚ್ಚರವಿರುವಾಗ ನಾಡಿ 50ಕ್ಕಿಂತ ಕೆಳಗಿದ್ದರೆ ವೈದ್ಯರಿಗೆ ಹೇಳಿ, 40ಕ್ಕಿಂತ ಇಳಿದರೆ ತುರ್ತು.

ಬಹಳ ದಿನ ಹಸಿದ ದೇಹಕ್ಕೆ ಊಟ ಸಿಕ್ಕಾಗ ಇನ್ಸುಲಿನ್ ಏರಿ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಗೆ ಸರಿಯುತ್ತವೆ. ಹೃದಯದ ಬಡಿತ ತಪ್ಪಬಹುದು. ಮೊದಲ ವಾರ ರಕ್ತಪರೀಕ್ಷೆ ಪದೇ ಪದೇ ಬೇಕಾಗುವುದು ಇದಕ್ಕೇ. ಹಾಗೆಂದು ಅತಿ ಕಡಿಮೆ ಕೊಟ್ಟು ಕಾಯುವುದೂ ಅಪಾಯವೇ. 2020ರಲ್ಲಿ ಕ್ಯಾಲಿಫೋರ್ನಿಯಾದ ಗಾರ್ಬರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ನಿಗಾದಲ್ಲಿ ದಿನಕ್ಕೆ 2,000 ಕ್ಯಾಲರಿಯಿಂದ ಶುರುಮಾಡಿದವರು 1,400ರಿಂದ ಶುರುಮಾಡಿದವರಿಗಿಂತ ಸುಮಾರು ಮೂರು ದಿನ ಮೊದಲೇ ಸ್ಥಿರಗೊಂಡರು. ಲವಣಗಳ ಏರುಪೇರು ಹೆಚ್ಚಲಿಲ್ಲ.

ಹೊಣೆ ಮರಳಿಸುವುದು ಮೊದಲು ತಿಂಡಿಯ ಆಯ್ಕೆ, ಆಮೇಲೆ ತಾನೇ ಬಡಿಸಿಕೊಳ್ಳುವುದು, ಆಮೇಲೆ ಮನೆಯವರೊಂದಿಗೆ ಒಂದು ಊಟ ಎಂಬ ಕ್ರಮದಲ್ಲಿ ಸಾಗಬಹುದು. ತಂದೆತಾಯಿಯೇ ಊಟದ ಹೊಣೆ ಹೊತ್ತು ನಿಧಾನ ಬಿಟ್ಟುಕೊಡುವ ಕುಟುಂಬ ಚಿಕಿತ್ಸೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆಯಿತು. 2010ರಲ್ಲಿ ಅಮೆರಿಕದಲ್ಲಿ 121 ಹದಿಹರೆಯದವರ ಮೇಲೆ ನಡೆದ ಪ್ರಯೋಗದಲ್ಲಿ, ಚಿಕಿತ್ಸೆ ಮುಗಿದ ಒಂದು ವರ್ಷದ ಮೇಲೆ ಪೂರ್ಣ ಚೇತರಿಕೆ ಈ ಕ್ರಮದಲ್ಲಿ ಶೇ. 49, ಮಗುವಿಗೆ ಒಂಟಿಯಾಗಿ ಕೊಟ್ಟ ಚಿಕಿತ್ಸೆಯಲ್ಲಿ ಶೇ. 23. ನಮ್ಮ ಮನೆಗಳಲ್ಲಿ ಅಮ್ಮನೊಬ್ಬಳೇ ಬಡಿಸಿ ಹೈರಾಣಾಗುತ್ತಾಳೆ. ಅಪ್ಪನನ್ನೂ ಅಜ್ಜಿಯನ್ನೂ ಒಂದೇ ಮಾತಿಗೆ ತರದೆ ಇದು ಇಲ್ಲಿ ನಡೆಯದು.

ಈ ನರ್ಸಿಂಗ್ ಅಧ್ಯಯನಗಳು ಹತ್ತಾರು ಜನರ ಸಂದರ್ಶನಗಳು, ಅದೂ ಹೆಚ್ಚಾಗಿ ಹುಡುಗಿಯರದು. ಹುಡುಗರ ದನಿ ಬಲು ಕಡಿಮೆ. ಈ ಕಾಯಿಲೆಯನ್ನು ಗುರುತಿಸಲು ಹೊರದೇಶದಲ್ಲಿ ಮಾಡಿದ ಪ್ರಶ್ನಾವಳಿಗಳನ್ನು ಹಾಗೇ ಎತ್ತಿಕೊಳ್ಳುವುದರಲ್ಲೂ ತೊಡಕಿದೆ. 1989ರಲ್ಲಿ ಕಿಂಗ್ ಮತ್ತು ಭುಗ್ರಾ ಉತ್ತರ ಭಾರತದ ಶಾಲಾ ಬಾಲಕಿಯರಿಗೆ ಇಂಥದೊಂದನ್ನು ಕೊಟ್ಟಾಗ, ಧಾರ್ಮಿಕ ಉಪವಾಸ ಮಾಡುವವರ ಕೆಲವು ಉತ್ತರಗಳು ಕಾಯಿಲೆಯಂತೆ ಕಂಡವು. ಇಲ್ಲಿ ಅಧ್ಯಯನ ಕೈಗೊಳ್ಳುವವರು "ಉಪವಾಸ ಮಾಡ್ತೀಯಾ?" ಎಂದು ಕೇಳಿ ನಿಲ್ಲಬಾರದು. ಶನಿವಾರದ ಒಪ್ಪತ್ತು ಮನೆಯವರೆಲ್ಲರದೋ, ಇವಳೊಬ್ಬಳದೋ? ಪಾರಣೆಯ ದಿನ ಎಲ್ಲರಂತೆ ಉಣ್ಣುತ್ತಾಳೋ? ಆರು ತಿಂಗಳಲ್ಲಿ ವ್ರತದ ದಿನಗಳು ಹೆಚ್ಚಿವೆಯೋ? ಮುಟ್ಟು ನಿಂತಿದೆಯೋ? ದಪ್ಪಗಾಗುವ ಭಯದ ಮಾತೇ ಎತ್ತದೆ "ಹೊಟ್ಟೆ ಉಬ್ಬರ, ಸೇರಲ್ಲ" ಎಂದಷ್ಟೇ ಹೇಳುವ ಮಕ್ಕಳೂ ಇದ್ದಾರೆ. ಅವರು ಮೊದಲು ಬರುವುದು ಹೊಟ್ಟೆಯ ಡಾಕ್ಟರ ಬಳಿಗೆ. ಆ ಹೊರರೋಗಿ ವಿಭಾಗದಲ್ಲಿ ತೂಕ ಬರೆದುಕೊಳ್ಳುವ ನರ್ಸ್ ಈ ಪ್ರಶ್ನೆಗಳನ್ನು ಅಲ್ಲಿಯೇ ಕೇಳಬಹುದು.