ಕೊಡಗಿನ ಕಲ್ಲುಕೋರೆ ಮುಚ್ಚುವ ಕೆಲಸ ಎಲ್ಲಿಂದ ಶುರು?

[ಡ್ರೋನ್ ದೃಶ್ಯ: ಕಾಫಿ ತೋಟಗಳ ನಡುವೆ ನೀರು ತುಂಬಿದ ಹಳೆಯ ಕೋರೆ]

ಗುತ್ತಿಗೆ ಮುಗಿಯಿತು, ಕ್ರಷರ್ ಬಿಚ್ಚಿ ಸಾಗಿಸಿದ್ದಾಯಿತು, ಹಿಟಾಚಿಯೂ ಹೋಯಿತು. ಗೇಟಿಗೆ ಬೀಗ ಹಾಕಿ ನಾಲ್ಕು ಗಿಡ ನೆಟ್ಟರೆ ಕೋರೆ ಮುಚ್ಚಿದಂತಲ್ಲ. ಕೊಡಗಿನಲ್ಲಿ ಈ ಕೆಲಸದ ದೊಡ್ಡ ಪಾಲು ಕಲ್ಲು ತೆಗೆಯಲು ಆರಂಭಿಸಿದ ವರ್ಷವೇ ಆಗಬೇಕು. ಯಾಕೆ ಅಂತ ನೋಡೋಣ.

[ಗ್ರಾಫಿಕ್: ಗುಡ್ಡದ ಸೀಳುನೋಟ. ಮೇಲೆ ಕೆಂಪು ಮಣ್ಣು, ನಡುವೆ ಕೊಳೆತ ಕಲ್ಲು, ಕೆಳಗೆ ಬಂಡೆ]

ನಮ್ಮ ಗುಡ್ಡಗಳ ತಳದ ನೈಸ್, ಚಾರ್ನಕೈಟ್ ಬಂಡೆ ಗಟ್ಟಿ. ಕಡಿದಾಗಿ ಕತ್ತರಿಸಿದರೂ ಸಾಮಾನ್ಯವಾಗಿ ನಿಲ್ಲುತ್ತದೆ. ಜಾರುವುದು ಅದರ ಮೇಲಿನ ಮಣ್ಣು. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ನೀರು ಮಣ್ಣಿನೊಳಗೆ ಇಳಿದು ಬಂಡೆಯ ಮೇಲ್ಮೈಗೆ ಬಂದು ನಿಂತರೆ, ಮೇಲಿನ ಪದರ ಹಿಡಿತ ಕಳೆದುಕೊಳ್ಳುತ್ತದೆ. ಗುಡ್ಡ ಜಾರುವುದು ಎಂದರೇನು ಅಂತ 2018ರ ಆಗಸ್ಟ್ ಕಂಡವರಿಗೆ ಹೇಳಬೇಕಾಗಿಲ್ಲ.

1961ರ ಲೋಹ ಗಣಿ ನಿಯಮಾವಳಿಯ ಪ್ರಕಾರ ಮಣ್ಣಿನ ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ, 45 ಡಿಗ್ರಿಗಿಂತ ಕಡಿದಾಗಿರಬಾರದು. ಇಲ್ಲವಾದರೆ ಒಂದೂವರೆ ಮೀಟರ್ ಮೀರದ ಮೆಟ್ಟಿಲು ಕಡಿಯಬೇಕು, ಮೆಟ್ಟಿಲಿನ ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು. ನಮ್ಮ ಮಳೆಗೆ 45 ಡಿಗ್ರಿಯೂ ಹೆಚ್ಚೇ. ಒಂದು ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಹಿಂದಕ್ಕೆ ಸರಿಸಿ. ಮಣ್ಣು 8 ಮೀಟರ್ ದಪ್ಪ ಇದ್ದರೆ 12 ಮೀಟರ್ ಜಾಗ ಬೇಕು. ಗಡಿಯ ಉದ್ದಕ್ಕೂ ಬಿಡುವ ಏಳೂವರೆ ಮೀಟರ್ ಪಟ್ಟಿ ಬೇರೆ.

ಎಡವಟ್ಟಾಗುವುದು ಇಲ್ಲೇ. ಗಡಿಪಟ್ಟಿಯ ತನಕ ಕಲ್ಲು ತೆಗೆದು ಮುಗಿಸಿದ ಮೇಲೆ ಬರೆಯನ್ನು ಓರೆ ಮಾಡೋಣವೆಂದರೆ ಜಾಗ ಎಲ್ಲಿದೆ? ಪಕ್ಕದವರ ತೋಟಕ್ಕೇ ಕೈ ಹಾಕಬೇಕು. ಅದಕ್ಕೇ ಮೊದಲು ಮಣ್ಣಿನ ಬರೆಯನ್ನು ಅದರ ಕೊನೆಯ ಆಕಾರಕ್ಕೆ ತಂದು, ಹುಲ್ಲು ಹಿಡಿಸಿ, ಆಮೇಲೆ ಕೆಳಗಿನ ಬಂಡೆಗೆ ಇಳಿಯಬೇಕು. ಮುಚ್ಚುವ ಕೆಲಸ ಮೇಲಿನಿಂದ ಕೆಳಕ್ಕೆ.

[ದೃಶ್ಯ: ಬರೆಯ ನೆತ್ತಿಯಲ್ಲಿ ಕಲ್ಲು ಹಾಸಿದ ಚರಂಡಿ]

ಇನ್ನು ನೀರು. ಮೇಲಿನ ಎರಡು ಹೆಕ್ಟೇರ್‌ ಜಾಗದ ನೀರು ಕೋರೆಯತ್ತ ಹರಿಯುತ್ತದೆ ಅಂದುಕೊಳ್ಳಿ. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಮಳೆ ಹೊಡೆದು, ಬಿದ್ದದ್ದರಲ್ಲಿ ಶೇ 60 ಹರಿದರೆ ಸೆಕೆಂಡಿಗೆ ಸುಮಾರು 330 ಲೀಟರ್ ಬರುತ್ತದೆ. 60 ಸೆಂಟಿಮೀಟರ್ ಅಗಲ, ಅಷ್ಟೇ ಆಳ, ನೂರು ಮೀಟರಿಗೆ ಒಂದು ಮೀಟರ್ ಇಳಿಜಾರಿನ ಚರಂಡಿ ಇದನ್ನು ಹೊರುತ್ತದೆ. ಎಲೆ, ಹೂಳು ಸೇರುವುದರಿಂದ ಆಳ 75 ಮಾಡಿ. ತಳಕ್ಕೆ ಜೇಡಿಯೂ ಕಲ್ಲೂ ಹಾಸಲೇಬೇಕು. ಬರಿ ಮಣ್ಣಿನ ಚರಂಡಿ ನೀರನ್ನು ಬರೆಯೊಳಗೇ ಇಳಿಸುತ್ತದೆ. ಇದೇ ಕಾರಣಕ್ಕೆ ಬರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡಲೇಬೇಡಿ. ಬೇರೆಡೆ ಒಳ್ಳೆಯದಾದದ್ದು ಇಲ್ಲಿ ಅಪಾಯ. ಚರಂಡಿಯ ಬಾಯಿ ಯಾರದೋ ತೋಟಕ್ಕೆ ತೆರೆಯಬಾರದು, ಮೆಟ್ಟಿಲು ಕಟ್ಟಿ ತೋಡಿಗೆ (ಹಳ್ಳಕ್ಕೆ) ಸೇರಿಸಬೇಕು.

ಮೇಲ್ಮಣ್ಣನ್ನು ಕಲ್ಲಿನ ತ್ಯಾಜ್ಯದ ಜೊತೆ ಬೆರೆಸಬೇಡಿ. ಒಂದು ಹೆಕ್ಟೇರಿನಲ್ಲಿ 20 ಸೆಂಟಿಮೀಟರ್ ಕೆರೆದರೆ 2,000 ಘನ ಮೀಟರ್ ಸಿಗುತ್ತದೆ. ಎರಡು ಮೀಟರಿಗಿಂತ ಎತ್ತರ ರಾಶಿ ಹಾಕಿದರೆ ಒಳಗಿನ ಜೀವ ಉಸಿರುಗಟ್ಟುತ್ತದೆ. ಬರೆಗೆ ಲಾವಂಚ, ಬಂಡೆಯ ಮೆಟ್ಟಿಲಿಗೆ ಅತ್ತಿ, ಗೋಣಿ ಮರ: ಇವುಗಳ ಬೇರು ಬಿರುಕಲ್ಲೂ ದಾರಿ ಹುಡುಕುತ್ತದೆ. ಅಕೇಶಿಯಾ ಬೇಡ. ಗಣಿಗಾರಿಕೆ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸುವ ಷರತ್ತು ಹಾಕಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಿದೆ.

[ದೃಶ್ಯ: ಗುಂಡಿಗೆ ಇಳಿಯುವ ಲಾರಿ ದಾರಿ]

ಗುಂಡಿಯಲ್ಲಿ ನೀರು ಉಳಿಸುವುದಾದರೆ ಲಾರಿ ಇಳಿಯುತ್ತಿದ್ದ ದಾರಿಯನ್ನು ಕೆಡವಬೇಡಿ. ಬೇಲಿಯನ್ನು ಆನೆ ಮುರಿಯುತ್ತದೆ. ಬಿದ್ದ ಆನೆ, ದನ, ಮನುಷ್ಯ ಹತ್ತಿ ಬರಲು ಅದೊಂದೇ ದಾರಿ. ಊರಿನ ಕಸ ತಂದು ಗುಂಡಿ ತುಂಬಿಸುವ ಪ್ರಸ್ತಾಪ ಬಂದರೆ ಒಪ್ಪಬೇಡಿ, ಅದರ ಕೊಳಕೆಲ್ಲ ಬಂಡೆಯ ಬಿರುಕಿನಲ್ಲಿ ಬಾವಿಗೆ ಹೋಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ಈ ನೀರು ಬಳಸಬಹುದು. ಕುಡಿಯುವುದಾದರೆ ಮಾತ್ರ ಪರೀಕ್ಷೆ ಕಡ್ಡಾಯ: ಸಿಡಿಮದ್ದಿನ ಅಮೋನಿಯಂ ನೈಟ್ರೇಟ್ ನೀರಿಗೆ ಸೇರಿರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು.

[ಗ್ರಾಫಿಕ್: ಬಿರುಕಿನ ಎರಡೂ ಬದಿ ಗೂಟ, ನಡುವೆ ಟೇಪು]

ಮುಚ್ಚಿದ ಮೇಲೆ ಕನಿಷ್ಠ ಮೂರು ಮಳೆಗಾಲ ನಿಗಾ ಬೇಕು ಅನ್ನುವುದು ನಮ್ಮ ಅಭಿಪ್ರಾಯ. ಬರೆಯ ನೆತ್ತಿಯಲ್ಲಿ ಬಿರುಕು ಕಂಡರೆ ಎರಡೂ ಬದಿ ಗೂಟ ಹೊಡೆದು ಅಂತರ ಅಳೆಯಿರಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ದಿನವೂ. ಅಂತರ ದಿನದಿಂದ ದಿನಕ್ಕೆ ಹೆಚ್ಚಾದರೆ, ಮರ ವಾಲಿದರೆ, ಬರೆಯ ಬುಡದಲ್ಲಿ ಹೊಸದಾಗಿ ಕೆಸರು ನೀರು ಒಸರಿದರೆ, ಕೆಳಗಿನ ಲೈನ್‌ಮನೆಯ ತೋಟ ಕಾರ್ಮಿಕರನ್ನು ಆಗಲೇ ಬೇರೆಡೆಗೆ ಕಳಿಸಿ. ಅಧಿಕಾರಿ ಬರಲೆಂದು ಕಾಯಬೇಡಿ. ಸುತ್ತಲ ಬಾವಿಗಳ ನೀರಿನ ಮಟ್ಟವನ್ನು ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಬರೆದಿಡಿ. ಕೋರೆ ಶುರುವಾಗುವ ಮೊದಲಿನ ಅಳತೆ ಇಲ್ಲದಿದ್ದರೆ ಆಮೇಲಿನದನ್ನು ಹೋಲಿಸಲು ಏನೂ ಇರುವುದಿಲ್ಲ.

ಪರಿಸರ ಅನುಮತಿ ಪಡೆದ ಕೋರೆಯವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ತೆಗೆದು ನೋಡಿ. ಚರಂಡಿ, ಬರೆಯ ಓರೆ, ಬಾವಿಯ ಮಟ್ಟದ ಮಾತೇ ಅದರಲ್ಲಿ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎತ್ತಿ, ಪಂಚಾಯಿತಿಯಿಂದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಪತ್ರ ಬರೆಸಿ. ಕೋರೆಯಲ್ಲಿ ಇನ್ನೂ ಯಂತ್ರ ಓಡಾಡುತ್ತಿರುವಾಗಲೇ ಬರೆಸಿ.