ಒಲೆ ಹಿಂದಿನ ಗೋಡೆಗೆ ಟೈಲ್ಸ್: ಮೊದಲು ಸಂದು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಡುಗೆಮನೆಯಲ್ಲಿ ಒಲೆ ಹಿಂದೆ, ಸಿಂಕ್ ಹಿಂದೆ ಟೈಲ್ಸ್ ಹಾಕಿಸಲು ಹೊರಟವರು ಮೊದಲು ನೋಡುವುದು ಬಣ್ಣ. ಆಮೇಲೆ ಡಿಸೈನ್. ಎರಡು ಟೈಲ್ಸ್ ನಡುವಿನ ಸಂದಿನ ಬಗ್ಗೆ ಕೇಳುವವರು ಕಡಿಮೆ. ಆದರೆ ಜಿಡ್ಡು ಕೂರುವುದು ಅಲ್ಲೇ, ಕಪ್ಪಾಗುವುದು ಅಲ್ಲೇ, ಬ್ರಷ್ ಹಿಡಿದು ಉಜ್ಜಬೇಕಾದದ್ದೂ ಅಲ್ಲೇ. ಟೈಲ್ಸ್ ಮೇಲಿನ ಎಣ್ಣೆ ಒದ್ದೆ ಬಟ್ಟೆಗೆ ಹೋಗುತ್ತದೆ. ಸಂದಿಗೆ ಇಳಿದ ಎಣ್ಣೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅದಕ್ಕೇ ಟೈಲ್ಸ್ ಆರಿಸುವ ಕೆಲಸವನ್ನು ಸಂದಿನಿಂದಲೇ ಶುರು ಮಾಡಿ ಅನ್ನುತ್ತೇನೆ ನಾನು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಎರಡೂವರೆ ಸೆಂಟಿಮೀಟರಿನ ಪುಟ್ಟ ಚೌಕಗಳ ಮೊಸಾಯಿಕ್ ಹಾಕಿಸಿದರೆ, ಒಂದು ಚದರ ಮೀಟರ್ ಗೋಡೆಯಲ್ಲಿ ಸಂದುಗಳ ಒಟ್ಟು ಉದ್ದ ಸುಮಾರು 80 ಮೀಟರ್! ಇಟ್ಟಿಗೆಯಂತೆ ಜೋಡಿಸುವ ಏಳೂವರೆಗೆ ಹದಿನೈದು ಸೆಂಟಿಮೀಟರಿನ ಟೈಲ್ಸ್ ಆದರೆ 20 ಮೀಟರ್. ಮೂವತ್ತಕ್ಕೆ ಅರವತ್ತರ ದೊಡ್ಡ ಟೈಲ್ಸ್ ಆದರೆ ಬರೀ 5. ಮೊಸಾಯಿಕ್ ಚೆನ್ನಾಗಿ ಕಾಣುತ್ತದೆ, ನಿಜ. ಸಿಂಕ್ ಪಕ್ಕದ ಒಂದು ಪಟ್ಟಿಗೆ ಹಾಕಿಸಿಕೊಳ್ಳಿ. ದಿನವೂ ಎಣ್ಣೆ ಸಿಡಿಯುವ ಒಲೆ ಹಿಂದೆ ಬೇಡ.

ಇನ್ನು ಯಾವ ಟೈಲ್ಸ್? ಗೋಡೆಯ ಮೇಲೆ ಯಾರೂ ನಡೆಯುವುದಿಲ್ಲ, ಅಲ್ವಾ? ಆದ್ದರಿಂದ ನೆಲಕ್ಕೆ ಬೇಕಾದಷ್ಟು ಗಟ್ಟಿ ಇಲ್ಲಿ ಬೇಕಿಲ್ಲ. ಗ್ಲೇಜ್, ಅಂದರೆ ಗಾಜಿನಂಥ ಮೇಲ್ಪದರ ಇರುವ ಸಾಮಾನ್ಯ ಸೆರಾಮಿಕ್ ಸಾಕು. ಅದರ ಒಳಮೈ ನೀರು ಹೀರುತ್ತದೆ, ಹತ್ತು ಪರ್ಸೆಂಟಿಗೂ ಜಾಸ್ತಿ. ಆದರೆ ಮೇಲಿನ ಗ್ಲೇಜ್ ನೀರನ್ನು ಒಳಗೆ ಬಿಡುವುದಿಲ್ಲ. ಕತ್ತರಿಸುವುದೂ ಸುಲಭ. ಪೋರ್ಸಲೀನ್ ಅರ್ಧ ಪರ್ಸೆಂಟ್ ನೀರನ್ನೂ ಹೀರುವುದಿಲ್ಲ, ಆದರೆ ತೂತು ಕೊರೆಯಲು ಡೈಮಂಡ್ ಬಿಟ್ಟೇ ಬೇಕು. ಮಾರ್ಬಲ್ ಇಷ್ಟಪಡುವವರು ಒಂದು ಮಾತು ತಿಳಿದಿರಲಿ. ಅದು ಸುಣ್ಣದ ಅಂಶದ ಕಲ್ಲು. ನಿಂಬೆರಸ, ವಿನಿಗರ್ ಬಿದ್ದ ಜಾಗದಲ್ಲಿ ಹೊಳಪು ಹೋಗಿ ಮಂಕು ಗುರುತು ಉಳಿಯುತ್ತದೆ. ಸೀಲರ್, ಅಂದರೆ ಕಲೆ ಒಳಗೆ ಇಳಿಯದಂತೆ ಬಳಿಯುವ ದ್ರವ, ಹಚ್ಚಿದರೆ ಕಲೆ ಬೇಗ ಇಳಿಯುವುದಿಲ್ಲ, ಆದರೆ ಈ ಗುರುತನ್ನು ಸೀಲರ್ ತಡೆಯುವುದಿಲ್ಲ. ಗಾಜಿನ ಟೈಲ್ಸ್ ಆದರೆ ಅಂಟು ಬಿಳಿಯದೇ ಇರಬೇಕು, ಹಿಂದಿನ ಬಣ್ಣ ಮುಂದಕ್ಕೆ ಕಾಣುತ್ತದೆ. ಉಬ್ಬುತಗ್ಗಿನ, ಒರಟು ಮೈಯ ಟೈಲ್ಸ್ ಒಲೆಯಿಂದ ದೂರವೇ ಇರಲಿ.

ಕೊಳ್ಳುವಾಗ ಅಳತೆಗಿಂತ ಹತ್ತು ಪರ್ಸೆಂಟ್ ಜಾಸ್ತಿ ತನ್ನಿ. ಓರೆಯಾಗಿ ಜೋಡಿಸುವುದಾದರೆ ಹದಿನೈದು. ಎಲ್ಲ ಡಬ್ಬಗಳ ಮೇಲೂ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಹೆಸರು ಒಂದೇ ಇದ್ದರೂ ಬ್ಯಾಚ್ ಬೇರೆಯಾದರೆ ಬಣ್ಣ ಒಂದು ಛಾಯೆ ಆಚೀಚೆ ಆಗಬಹುದು.

ಈಗ ಗ್ರೌಟ್, ಅಂದರೆ ಸಂದು ತುಂಬುವ ಪುಡಿ. ಸಂದು ಮೂರು ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಮರಳಿಲ್ಲದ ನುಣುಪು ಗ್ರೌಟ್. ಅಗಲವಾಗಿದ್ದರೆ ಮರಳು ಬೆರೆತದ್ದು, ಇಲ್ಲದಿದ್ದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಇವೆರಡೂ ಸಿಮೆಂಟಿನವು, ಎಣ್ಣೆ ಹೀರುತ್ತವೆ. ಒಣಗಿದ ಮೇಲೆ ಸೀಲರ್ ಬೇಕು, ಆಗಾಗ ಮತ್ತೆ ಬಳಿಯಬೇಕು. ಎಪಾಕ್ಸಿ ಗ್ರೌಟ್ ಸಿಮೆಂಟಿನದಲ್ಲ, ರಾಳದ್ದು. ಅದಕ್ಕೆ ಸೀಲರ್ ಬೇಡ, ಕಲೆಯೂ ಸುಲಭವಾಗಿ ಹಿಡಿಯುವುದಿಲ್ಲ. ಆದರೆ ಅದು ಬೇಗ ಗಟ್ಟಿಯಾಗುತ್ತದೆ. ಟೈಲ್ಸ್ ಮೇಲಿನದನ್ನು ಹಸಿಯಿದ್ದಾಗಲೇ ಒರೆಸದಿದ್ದರೆ ಆಮೇಲೆ ಕೆರೆದರೂ ಬಿಡದು. ಮೇಸ್ತ್ರಿಗಳು ಎಪಾಕ್ಸಿ ಅಂದರೆ ಮುಖ ಸಿಂಡರಿಸುವುದು ಇದಕ್ಕೇ. ಒಲೆ ಹಿಂದಿನ ಜಾಗಕ್ಕಾದರೂ ಅದನ್ನೇ ಹಾಕಿಸಿ, ಅಲ್ಲಿ ಹಟ ಬಿಡಬೇಡಿ. ಬಣ್ಣದ ವಿಷಯಕ್ಕೆ ಬಂದರೆ, ಅಚ್ಚ ಬಿಳಿ ಗ್ರೌಟ್ ಹೆಚ್ಚು ದಿನ ಬಿಳಿಯಾಗಿ ಉಳಿಯುವುದಿಲ್ಲ. ತಿಳಿ ಬೂದು ಬಣ್ಣ ಒಳ್ಳೆಯದು. ಹಸಿಯಲ್ಲಿ ಕಾಣುವ ಬಣ್ಣವೇ ಬೇರೆ, ಒಣಗಿದಾಗ ಕಾಣುವುದೇ ಬೇರೆ. ಎರಡು ತುಂಡು ಟೈಲ್ಸ್ ನಡುವೆ ಸ್ವಲ್ಪ ತುಂಬಿ, ಒಣಗಿಸಿ ನೋಡಿ.

ಕೆಲಸ ಶುರುವಾಗುವ ದಿನ ಮೊದಲು ಮೇನ್ ಸ್ವಿಚ್ ಆಫ್. ಆ ಗೋಡೆಯಲ್ಲಿ ಪ್ಲಗ್ ಪಾಯಿಂಟ್‌ಗಳು ಇದ್ದೇ ಇರುತ್ತವೆ. ಟೈಲ್ಸ್ ಬಂದ ಮೇಲೆ ಗೋಡೆ ಒಂದು ಸೆಂಟಿಮೀಟರ್ ಅಥವಾ ಇನ್ನೂ ಸ್ವಲ್ಪ ಮುಂದೆ ಬರುತ್ತದೆ. ಸ್ವಿಚ್ ಬಾಕ್ಸನ್ನೂ ಅಷ್ಟೇ ಮುಂದಕ್ಕೆ ತರಬೇಕು ಅಂತ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ.

ಗೋಡೆಗೆ ಹೊಳೆಯುವ ಪೇಂಟ್ ಇದ್ದರೆ ಕೆರೆದು ತೆಗೆಯಬೇಕು. ಅಂಟು ಪೇಂಟನ್ನು ಹಿಡಿದರೆ, ಪೇಂಟ್ ಗೋಡೆಯನ್ನು ಬಿಟ್ಟಾಗ ಟೈಲ್ಸ್ ಕೂಡ ಜೊತೆಗೆ ಬರುತ್ತದೆ. ಒಂದು ನೇರ ಪಟ್ಟಿಯನ್ನು ಗೋಡೆಗೆ ಆನಿಸಿ ನೋಡಿ, ಎಲ್ಲೆಲ್ಲಿ ಬೆಳಕು ತೂರುತ್ತದೋ ಅಲ್ಲೆಲ್ಲ ತಗ್ಗು. ಅದನ್ನು ಮೊದಲೇ ಸಮ ಮಾಡಿಸಿ. ಟೈಲ್ಸ್ ದೊಡ್ಡದಾದಷ್ಟೂ ಗೋಡೆ ಸಪಾಟಾಗಿರಬೇಕು.

ಅಡುಗೆ ಕಟ್ಟೆ ಮಟ್ಟವಾಗಿದೆ ಅಂತ ಸುಮ್ನೆ ನಂಬಬೇಡಿ. ಲೆವೆಲ್ ಇಟ್ಟು ನೋಡಿ, ಗೋಡೆಯ ಮೇಲೆ ಗೆರೆ ಎಳೆಯಿರಿ, ಮೊದಲ ಸಾಲು ಆ ಗೆರೆಗೆ ಬರಲಿ. ಕಟ್ಟೆ ಒಂದು ಕಡೆ ತಗ್ಗಿದ್ದರೆ ಕೆಳಗಿನ ಟೈಲ್ಸನ್ನು ಅದಕ್ಕೆ ತಕ್ಕಂತೆ ಕತ್ತರಿಸಬೇಕಾಗುತ್ತದೆ. ಅಂಟು ಕಲಸುವ ಮೊದಲು ಒಂದು ಸಾಲನ್ನು ಕಟ್ಟೆಯ ಮೇಲೆ ಹಾಗೇ ಜೋಡಿಸಿ ನೋಡಿ. ಮೂಲೆಯಲ್ಲಿ ಎರಡು ಬೆರಳಗಲದ ಚೂರು ಉಳಿಯುವಂತಿದ್ದರೆ, ಸಾಲನ್ನು ಅರ್ಧ ಟೈಲ್ಸಿನಷ್ಟು ಸರಿಸಿ. ಆಗ ಎರಡೂ ತುದಿಯಲ್ಲಿ ದೊಡ್ಡ ತುಂಡುಗಳೇ ಬರುತ್ತವೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮದ ಹಂತ ಇದು, ಆದರೂ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಟೈಲ್ಸ್ ಹಿಂದೆ ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು ಉಂಡೆ ಮೆತ್ತಿ ಗೋಡೆಗೆ ಒತ್ತುವ ಪದ್ಧತಿ ಇದೆ. ನನಗೆ ಅದನ್ನು ನೋಡಿದರೇ ಆಗುವುದಿಲ್ಲ. ಉಂಡೆಗಳ ನಡುವೆ ಟೊಳ್ಳು ಉಳಿಯುತ್ತದೆ. ನಾಳೆ ಸ್ಟ್ಯಾಂಡ್ ಹಾಕಲು ಡ್ರಿಲ್ ಇಟ್ಟರೆ ಟೈಲ್ಸ್ ಬಿರಿಯುತ್ತದೆ. ಹಲ್ಲಿರುವ ಕರಣೆಯಿಂದ ಅಂಟನ್ನು ಒಂದೇ ದಿಕ್ಕಿಗೆ ನೇರ ಗೆರೆಗಳಾಗಿ ಎಳೆಯಬೇಕು, ಟೈಲ್ಸನ್ನು ಆ ಗೆರೆಗಳಿಗೆ ಅಡ್ಡಲಾಗಿ ಸ್ವಲ್ಪ ಜರುಗಿಸಿ ಒತ್ತಬೇಕು. ನಡುನಡುವೆ ಒಂದನ್ನು ಕಿತ್ತು ಹಿಂಬದಿ ನೋಡಿ. ಅಂಟು ಎಲ್ಲ ಕಡೆ ಹರಡಿರಬೇಕು. ಬಳಿದ ಅಂಟನ್ನು ಬೆರಳಲ್ಲಿ ಮುಟ್ಟಿದಾಗ ಅಂಟದಿದ್ದರೆ ಮೇಲೆ ಕೆನೆ ಕಟ್ಟಿದೆ ಅಂತ ಅರ್ಥ, ಕೆರೆದು ಹೊಸದು ಬಳಿಯಿರಿ. ಪೋರ್ಸಲೀನ್ ಟೈಲ್ಸಿಗೆ ಬರೀ ಸಿಮೆಂಟ್ ತಿಳಿ ಸಾಲದು. ಹಿಂಬದಿ ನೀರು ಹೀರದ ಕಾರಣ ಸಿಮೆಂಟ್ ಹಿಡಿಯುವುದಿಲ್ಲ, ಪಾಲಿಮರ್ ಬೆರೆತ ಅಂಟೇ ಬೇಕು.

ಒಂದು ದಿನ ಬಿಟ್ಟು ಗ್ರೌಟ್. ರಬ್ಬರ್ ಪಟ್ಟಿಯಿಂದ ಸಂದಿಗೆ ಓರೆಯಾಗಿ ಒತ್ತಿ ತುಂಬಿ. ಒರೆಸುವ ಸ್ಪಂಜನ್ನು ಚೆನ್ನಾಗಿ ಹಿಂಡಿರಬೇಕು. ನೀರು ಜಾಸ್ತಿಯಾದರೆ ಸಿಮೆಂಟ್ ಗ್ರೌಟಿನ ಬಣ್ಣ ತೇಪೆತೇಪೆಯಾಗುತ್ತದೆ.

ಗೋಡೆ ಕಟ್ಟೆಯನ್ನು ಸೇರುವ ಸಂದಿಗೆ ಮಾತ್ರ ಗ್ರೌಟ್ ಬೇಡ. ಕಟ್ಟೆ ಮತ್ತು ಗೋಡೆ ಒಂದೇ ರೀತಿ ಅಲುಗುವುದಿಲ್ಲ, ಗ್ರೌಟ್ ಅಲ್ಲಿ ಬಿರುಕು ಬಿಟ್ಟೇ ಬಿಡುತ್ತದೆ, ನೀರು ಒಳಗೆ ಇಳಿಯುತ್ತದೆ. ಮೂರು ಮಿಲಿಮೀಟರ್ ಜಾಗ ಬಿಟ್ಟು, ಗ್ರೌಟ್ ಒಣಗಿದ ಮೇಲೆ ಅದೇ ಬಣ್ಣದ ಸಿಲಿಕೋನ್ ತುಂಬಿಸಿ. ಎರಡು ಗೋಡೆ ಸೇರುವ ಮೂಲೆಗೂ ಇದೇ ಮಾತು. ಮೇಲೆ ಕೆಳಗೆ ಟೇಪ್ ಅಂಟಿಸಿ, ಸಿಲಿಕೋನ್ ಎಳೆದು, ಒದ್ದೆ ಬೆರಳಲ್ಲಿ ಒಮ್ಮೆ ಸವರಿ, ಹಸಿಯಿರುವಾಗಲೇ ಟೇಪ್ ಕಿತ್ತುಬಿಡಿ. ಒಂದು ದಿನ ಅಲ್ಲಿ ನೀರು ತಾಗದಿರಲಿ.

ನಮಸ್ಕಾರ.